ಅಟ್ಟದ ಸಾಮಾನಿನ ಲಾಭದಲ್ಲಿ ಮಾರಿದವರ ಪಾಲು

ಮಾನ್ಯ ಸಂಪಾದಕರೇ,

ಆಯುಧಪೂಜೆ, ದೀಪಾವಳಿ ಹತ್ತಿರ ಬಂತೆಂದರೆ ಊರೂರಲ್ಲಿ ಅಟ್ಟ ಖಾಲಿ ಮಾಡುವ ಕೆಲಸ ಶುರುವಾಗುತ್ತದೆ. ಅಜ್ಜನ ಕಾಲದ ಟ್ರಂಕು, ಅಂಚೆ ಮುದ್ರೆ ಬಿದ್ದ ಲಕೋಟೆಗಳ ಕಟ್ಟು, ಗಾಜು ಸೀಳಿದ ದೇವರ ಪಟ, ಹಾರ್ಲಿಕ್ಸ್ ಡಬ್ಬಿಯಲ್ಲಿ ಕಪ್ಪುಗಟ್ಟಿ ಕೂತ ಬೆಳ್ಳಿ ರೂಪಾಯಿಗಳು, ಎಲ್ಲವೂ ಗುಜರಿಯವರ ತಕ್ಕಡಿಗೋ ಹಳೇ ಸಾಮಾನಿನ ವ್ಯಾಪಾರಿಯ ಕೈಗೋ ಸೇರುತ್ತವೆ. ಕೆಲವು ತಿಂಗಳ ಮೇಲೆ ಅದರಲ್ಲೊಂದು ಹರಾಜಿನಲ್ಲಿ ಲಕ್ಷ ದಾಟಿತೆಂಬ ಸುದ್ದಿ ಕಿವಿಗೆ ಬಿದ್ದರೆ ಜಗಳ ಶುರು. ಮಾರಿದ ಮನೆಯವರು ‘ನಮಗೆ ಟೋಪಿ ಹಾಕಿದರು’ ಅನ್ನುತ್ತಾರೆ. ಕೊಂಡವರು ‘ಒಪ್ಪಿಯೇ ಕೊಟ್ಟಿರಲ್ಲ’ ಅನ್ನುತ್ತಾರೆ. ಇಂಥ ಲಾಭದಲ್ಲಿ ಪಾಲು ಕೊಡಬೇಕೇ, ಕೊಡುವುದಾದರೆ ಎಷ್ಟು, ಯಾರಿಗೆ ಎಂಬುದರ ಬಗ್ಗೆ ನಾಣ್ಯ, ಅಂಚೆಚೀಟಿ, ಹಳೇ ಪಟಗಳ ವ್ಯವಹಾರದಲ್ಲಿ ತೊಡಗಿರುವವರಲ್ಲೇ ಒಮ್ಮತವಿಲ್ಲ. ಕೆಲವರು ಮನಸ್ಸು ಬಂದಷ್ಟು ಕೊಡುತ್ತಾರೆ, ಹೆಚ್ಚಿನವರು ಏನೂ ಕೊಡುವುದಿಲ್ಲ, ಇನ್ನು ಕೆಲವರು ದೇವರ ಹುಂಡಿಗೆ ಒಂದಿಷ್ಟು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಹುಂಡಿಗೆ ಹಾಕಿದ್ದು ಒಳ್ಳೆಯ ಕೆಲಸವೇ ಇರಬಹುದು, ಆದರೆ ಮಾರಿದವರ ಲೆಕ್ಕಕ್ಕೆ ಅದು ಜಮೆ ಆಗುವುದಿಲ್ಲ.

ಇಡೀ ವಿಚಾರ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಮಾರಾಟದ ದಿನ ಬೆಲೆ ಹೇಳಿದವರು ಯಾರು?

ಮಾರುವವರೇ ‘ಇಷ್ಟು ಕೊಡಿ’ ಎಂದು ಕೇಳಿ, ಕೊಂಡವರು ಅಷ್ಟು ಎಣಿಸಿ ಕೊಟ್ಟಿದ್ದರೆ ವ್ಯವಹಾರ ಅಲ್ಲಿಗೆ ಮುಗಿಯಿತು. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ ಹರಡಿಟ್ಟ ಸಾಮಾನಿನಿಂದ ಒಂದನ್ನು ಹೆಕ್ಕಿ ತೆಗೆಯುವ ಕಣ್ಣು ಪುಕ್ಕಟೆ ಬರುವುದಿಲ್ಲ. ವರ್ಷಗಟ್ಟಲೆ ಕ್ಯಾಟಲಾಗ್ ಓದಿ, ಖೋಟಾ ಕೊಂಡು ಕೈ ಸುಟ್ಟುಕೊಂಡು ಬಂದದ್ದು ಅದು, ವ್ಯಾಪಾರಿಯ ಬಂಡವಾಳ ಅದೇ. ಆದರೆ ‘ನಮಗೇನೂ ಗೊತ್ತಾಗಲ್ಲ ಸಾರ್, ಏನು ಬಾಳುತ್ತೋ ನೀವೇ ನೋಡಿ ಹೇಳಿ’ ಎಂದು ಮನೆಯಾಕೆ ಡಬ್ಬಿ ಮುಂದಿಟ್ಟ ಕ್ಷಣಕ್ಕೆ ಕೊಳ್ಳಲು ಬಂದವರ ಪಾತ್ರ ಬದಲಾಗುತ್ತದೆ. ಅವರೀಗ ಬೆಲೆ ಕಟ್ಟುವವರು. ಬೆಲೆ ಕಟ್ಟುವವರಾಗಿ ಬಾಯಿಬಿಟ್ಟು, ಕೊಳ್ಳುವವರಾಗಿ ಬಾಯಿ ಮುಚ್ಚಿಕೊಂಡು, ಎರಡರ ಲಾಭವನ್ನೂ ಒಬ್ಬರೇ ಉಣ್ಣುವಂತಿಲ್ಲ.

ಕಾನೂನು ಇಷ್ಟು ದೂರ ಬರುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನ ಪ್ರಕಾರ ಬರೀ ಮೌನ ವಂಚನೆಯಾಗುವುದಿಲ್ಲ. ಮಾತಾಡಲೇಬೇಕಾದ ಹೊಣೆ ಇದ್ದಾಗ ಮಾತ್ರ ಮೌನವೂ ವಂಚನೆ. ಕಾಯ್ದೆಯೇ ಕೊಟ್ಟಿರುವ ಉದಾಹರಣೆಯಲ್ಲಿ, ಪೇಟೆಯ ಧಾರಣೆ ಬದಲಾದ ಸುದ್ದಿ ಒಬ್ಬ ವರ್ತಕನಿಗೆ ಮೊದಲೇ ಗೊತ್ತಿದ್ದರೂ ಅದನ್ನು ಎದುರಿನ ವರ್ತಕನಿಗೆ ಹೇಳಬೇಕಾಗಿಲ್ಲ. 20ನೇ ಕಲಮಿನ ವಿವರಣೆ ಇನ್ನೂ ನೇರ: ವಸ್ತುವಿನ ಬೆಲೆಯ ಬಗ್ಗೆ ತಪ್ಪು ಅಂದಾಜು ಇದ್ದ ಮಾತ್ರಕ್ಕೆ ಅದನ್ನು ಸಂಗತಿಯ ಬಗೆಗಿನ ತಪ್ಪು ತಿಳಿವಳಿಕೆ ಎಂದು ಲೆಕ್ಕಹಿಡಿಯುವಂತಿಲ್ಲ. ಒಬ್ಬರಿಗಷ್ಟೇ ತಪ್ಪು ತಿಳಿವಳಿಕೆ ಇದ್ದರೆ ಅದೊಂದೇ ಕಾರಣಕ್ಕೆ ಕರಾರು ಮುರಿಯಲು ಬರುವುದಿಲ್ಲ ಎನ್ನುತ್ತದೆ 22ನೇ ಕಲಮು. ಹಾಗಾಗಿ ‘ಸಾವಿರಕ್ಕೆ ಕೊಟ್ಟೆವು, ಲಕ್ಷಕ್ಕೆ ಹೋಯಿತು’ ಎಂಬುದನ್ನಷ್ಟೇ ಹಿಡಿದುಕೊಂಡು ಕೋರ್ಟಿಗೆ ಹೋದವರು ವಕೀಲರ ಫೀಸನ್ನೂ ಕಳೆದುಕೊಳ್ಳುತ್ತಾರೆ.

ಆದರೆ ಅದೇ 17ನೇ ಕಲಮು ಗೊತ್ತಿದ್ದೂ ಸುಳ್ಳು ಹೇಳುವುದನ್ನು ವಂಚನೆ ಎನ್ನುತ್ತದೆ. ಅಪರೂಪದ ನಾಣ್ಯವೆಂದು ಗುರುತು ಹಿಡಿದೂ ‘ಇದು ಮಾಮೂಲಿ ಅಮ್ಮ, ಬೆಳ್ಳಿ ತೂಕಕ್ಕೆ ಮಾತ್ರ ಹೋಗುತ್ತೆ’ ಎಂದು ಹೇಳಿ ಕೊಂಡಿದ್ದರೆ ಆ ಕರಾರನ್ನು ರದ್ದು ಮಾಡಿಸುವ ಹಕ್ಕು ಮಾರಿದವರಿಗಿದೆ. ತೊಂದರೆ ಇರುವುದು ಪುರಾವೆಯಲ್ಲಿ. ಅಂದು ಆಡಿದ ಮಾತಿಗೆ ಸಾಕ್ಷಿ ಯಾರು? ದಾವೆಗೆ ವಂಚನೆ ಗೊತ್ತಾದ ದಿನದಿಂದ ಮೂರು ವರ್ಷದ ಕಾಲಮಿತಿ ಬೇರೆ.

ಹೊರದೇಶಗಳ ಎರಡು ಪ್ರಕರಣಗಳನ್ನು ನೋಡಿದರೆ ನ್ಯಾಯಾಲಯಗಳು ಎಲ್ಲಿ ಗೆರೆ ಎಳೆಯುತ್ತವೆಂಬುದು ತಿಳಿಯುತ್ತದೆ. ಅಮೆರಿಕದ ಅರಿಜೋನಾದಲ್ಲಿ 1996ರಲ್ಲಿ, ತೀರಿಕೊಂಡವರೊಬ್ಬರ ಮನೆಯ ಸಾಮಾನು ಮಾರುವಾಗ ಎರಡು ವರ್ಣಚಿತ್ರಗಳು ಸೇರಿ 60 ಡಾಲರಿಗೆ ಹೋದವು. ಅವು 19ನೇ ಶತಮಾನದ ಕಲಾವಿದ ಮಾರ್ಟಿನ್ ಜಾನ್ಸನ್ ಹೀಡ್ ಅವರವು. ಕ್ರಿಸ್ಟೀಸ್ ಹರಾಜಿನಲ್ಲಿ 10,72,000 ಡಾಲರ್ ಬಂತು. ಮೇಲ್ಮನವಿ ನ್ಯಾಯಾಲಯ ಕೊಂಡವರ ಪರ ನಿಂತಿತು. ಬೆಲೆ ಕಟ್ಟಲು ಬಂದಿದ್ದಾಕೆ ‘ಲಲಿತಕಲೆಯ ಬೆಲೆ ಕಟ್ಟುವುದು ನನ್ನ ಕೆಲಸವಲ್ಲ’ ಎಂದು ಮೊದಲೇ ಹೇಳಿದ್ದರೂ ಮಾರುವವರು ಬೇರೆ ತಜ್ಞರನ್ನು ಕರೆಸಿರಲಿಲ್ಲ. ಅಪಾಯವನ್ನು ತಾವೇ ಮೈಮೇಲೆ ಎಳೆದುಕೊಂಡಂತಾಯಿತು. ಫ್ರಾನ್ಸಿನಲ್ಲಿ 2021ರಲ್ಲಿ ವೃದ್ಧ ದಂಪತಿ ಮನೆ ಖಾಲಿ ಮಾಡುವಾಗ ಆಫ್ರಿಕಾದ ಗ್ಯಾಬನ್ ದೇಶದ ಫಾಂಗ್ ಜನಾಂಗದ ಮುಖವಾಡವೊಂದನ್ನು ಹಳೇ ಸಾಮಾನಿನ ವ್ಯಾಪಾರಿಗೆ 150 ಯೂರೋಗೆ ಕೊಟ್ಟರು. 2022ರ ಮಾರ್ಚ್‌ನಲ್ಲಿ ಮಾಂಪೆಲಿಯೇ ಹರಾಜಿನಲ್ಲಿ ಅದಕ್ಕೆ 42 ಲಕ್ಷ ಯೂರೋ ಬಿತ್ತು. 2023ರ ಡಿಸೆಂಬರಿನಲ್ಲಿ ಆಲೆಸ್ ನ್ಯಾಯಾಲಯ ದಂಪತಿಯ ಕೋರಿಕೆಯನ್ನು ತಳ್ಳಿಹಾಕಿತು. ಇಲ್ಲೂ ಅದೇ ಮಾತು: ಮಾರುವ ಮುನ್ನ ವಿಚಾರಿಸಬಹುದಿತ್ತು, ವಿಚಾರಿಸಲಿಲ್ಲ. ಈ ವ್ಯಾಪಾರಿ 3 ಲಕ್ಷ ಯೂರೋ ಕೊಡಲು ಮುಂದೆ ಬಂದಿದ್ದರು, ರಾಜಿ ಆಗಲಿಲ್ಲ. ಪಾಲಿನ ಮಾತು ಹಣ ಬಂದ ಮೇಲೆ ಎದ್ದರೆ ಹೀಗೇ. ಕೊಡುವವರಿಗೆ ಅದು ಧಾರಾಳ, ತೆಗೆದುಕೊಳ್ಳುವವರಿಗೆ ಅದು ಭಿಕ್ಷೆ.

ಯಾವ ತರಹದ ‘ಗೊತ್ತಿರುವಿಕೆ’ಯ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದನ್ನು ಒಂದು ನಾಣ್ಯದಲ್ಲೇ ತೋರಿಸಬಹುದು. ಆರನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ ನಮ್ಮ ಹಳೇ ಮನೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ತೂಕ 11.66 ಗ್ರಾಂ, ಅಂದರೆ ಒಂದು ತೊಲ. 1938ರ ರೂಪಾಯಿ ಹೊರಗೆ ಬೇಕಾದಷ್ಟಿದೆ. 1939ರದ್ದು ತೀರಾ ಅಪರೂಪ. ಇವೆರಡೂ ಶೇ 91.7ರ ಬೆಳ್ಳಿ, ಅಂದರೆ ಒಂದು ನಾಣ್ಯದಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. 1940ರಿಂದ 45ರವರೆಗಿನವು ಅರ್ಧ ಬೆಳ್ಳಿಯವು, 5.83 ಗ್ರಾಂ ಅಷ್ಟೇ. ಚಿನಿವಾರರ ತಕ್ಕಡಿಯಲ್ಲಿ 38 ಮತ್ತು 39ಕ್ಕೆ ಒಂದೇ ಬೆಲೆ. ಸಂಗ್ರಾಹಕರ ಮುಂದೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಆ ಕಾರಣಕ್ಕೇ 8ನ್ನು ಕೆತ್ತಿ 9 ಮಾಡಿದ ಖೋಟಾ ನಾಣ್ಯಗಳೂ ತಿರುಗಾಡುತ್ತಿವೆ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಕೊನೆಯ ಅಂಕಿಯ ಸುತ್ತಲಿನ ಮೈ ನೋಡಬೇಕು. ಉಳಿದ ಮೂರು ಅಂಕಿಗಳ ಸುತ್ತ ಇರುವ ಹೊಳಪು ಅಲ್ಲಿ ಕದಡಿ ಸಣ್ಣ ಗೀರುಗಳು ಕಂಡರೆ, ಅಥವಾ 9ರ ಎತ್ತರ ಪಕ್ಕದ 3ಕ್ಕಿಂತ ತಗ್ಗಿದ್ದರೆ, ಕೈ ಹಚ್ಚಬಾರದು. ಅಚ್ಚು ಹೊಯ್ದ ಖೋಟಾಕ್ಕೆ ಅಂಚಿನಲ್ಲಿ ಬೆಸುಗೆಯಂಥ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು ಇರುತ್ತವೆ.

ನಲವತ್ತು ನಾಣ್ಯದ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಇಸವಿ ಓದುತ್ತಾ ಹೋಗುವ ವ್ಯಾಪಾರಿ 39ನ್ನು ಕಂಡೂ ಮುಖದ ಗೆರೆ ಅಲುಗದಂತೆ ಎಲ್ಲವನ್ನೂ ಒಟ್ಟಿಗೆ ತೂಗಿ ‘ಬೆಳ್ಳಿ ರೇಟು ಹಾಕೋಣ’ ಎಂದರೆ, ಬೆಲೆ ಹೇಳಿದವರು ಅವರು. ಮನೆಯವರು ನಂಬಿದ್ದು ಅವರ ಮಾತನ್ನು. ಇಲ್ಲಿ ಪಾಲು ಕೊಡುವುದು ಕೃಪೆಯಾಗುವುದಿಲ್ಲ, ಅರ್ಧ ಕೊಡಲೇಬೇಕೆಂಬುದು ನನ್ನ ಅಭಿಪ್ರಾಯ. ಅರ್ಧವೇ ಏಕೆಂದರೆ, ಗುರುತಿಸುವ ಕಣ್ಣು ಮತ್ತು ಗಿರಾಕಿ ಹುಡುಕುವ ಕೆಲಸ ವ್ಯಾಪಾರಿಯದು, ವಸ್ತು ಮತ್ತು ನಂಬಿಕೆ ಮನೆಯವರದು. ಗೊತ್ತಿದ್ದೂ ‘ಮಾಮೂಲಿ’ ಎಂದು ಬಾಯಿಬಿಟ್ಟು ಸುಳ್ಳು ಹೇಳಿದ್ದರೆ ಪಾಲಿನ ಮಾತೇ ಬರುವುದಿಲ್ಲ, ಪೂರ್ತಿ ಲಾಭ ವಾಪಸು ಮಾಡಬೇಕು.

ಇಬ್ಬರಿಗೂ ಗೊತ್ತಿಲ್ಲದ ಪ್ರಸಂಗ ಬೇರೆ. ತೇಗದ ಚೌಕಟ್ಟು ಚೆನ್ನಾಗಿದೆ ಎಂದು ಹಳೇ ಲಕ್ಷ್ಮಿ ಪಟ ಕೊಳ್ಳುತ್ತಾರೆ. ಬಿಚ್ಚಿ ನೋಡಿದರೆ ಕೆಳಗಿನ ಅಂಚಿನಲ್ಲಿ ರವಿವರ್ಮ ಪ್ರೆಸ್, ಕಾರ್ಲಾ-ಲೋನಾವಳಾ ಎಂಬ ಅಚ್ಚು. ಸೀರೆಯ ಮೇಲೆ ಜರಿ, ಮಿಣುಕು ಹೊಲಿದದ್ದಾದರೆ ಇನ್ನೂ ಬೇಡಿಕೆ. ಭೂತಗನ್ನಡಿ ಹಿಡಿದಾಗ ಬಣ್ಣದ ಚುಕ್ಕೆಗಳು ಸಾಲು ಹಿಡಿದು ಒಂದೇ ಅಳತೆಯಲ್ಲಿ ಕಂಡರೆ ಅದು ಈಚಿನ ಆಫ್‌ಸೆಟ್ ಮುದ್ರಣ. ಆ ಕಾಲದ ಕಲ್ಲಚ್ಚಿನ (ಲಿಥೋ) ಚುಕ್ಕೆ ಕೈಯಿಂದ ಇಟ್ಟಂತೆ ಚೆಲ್ಲಾಪಿಲ್ಲಿ ಇರುತ್ತದೆ. ಚೌಕಟ್ಟಿಗೆ ಕೂರಿಸಲು ಪ್ರೆಸ್ಸಿನ ಹೆಸರಿರುವ ಅಂಚನ್ನು ಕತ್ತರಿಸಿದ್ದರೆ ಬೆಲೆಯೂ ಅಲ್ಲಿಗೆ ಕತ್ತರಿಸಿತು. ಇಂಥ ಕಡೆ ಯಾರೂ ಯಾರ ನಂಬಿಕೆಯನ್ನೂ ದುರುಪಯೋಗ ಮಾಡಿಲ್ಲ. ಆದರೂ ನಾಲ್ಕನೇ ಒಂದು ಪಾಲು ಕೊಟ್ಟರೆ ಒಳ್ಳೆಯದು ಎಂಬುದಕ್ಕೆ ಹಳೆಯದೊಂದು ಆಧಾರವಿದೆ. ನೆಲದಲ್ಲಿ ಸಿಕ್ಕ ವಾರಸುದಾರರಿಲ್ಲದ ನಿಧಿಗೆ 1878ರ ನಿಧಿ ಕಾಯ್ದೆ ಮಾಡಿದ ಹಂಚಿಕೆ ಕಂಡವರಿಗೆ ಮುಕ್ಕಾಲು, ಜಾಗದ ಒಡೆಯರಿಗೆ ಕಾಲು ಎಂದಿತ್ತು. ಆ ಕಾಯ್ದೆ ಮನೆಸಾಮಾನಿಗೆ ಅನ್ವಯಿಸುವುದಿಲ್ಲ, ಅಳತೆಗೋಲು ಮಾತ್ರ ಚೆನ್ನಾಗಿದೆ. (ಪಾಯ ಅಗೆಯುವಾಗ ವರಹ, ಹಣದಂಥ ಹಳೇ ಚಿನ್ನದ ನಾಣ್ಯ ಸಿಕ್ಕಿತೆನ್ನುವವರು ಪಾಲಿನ ಲೆಕ್ಕಕ್ಕೆ ಕೂರಬೇಡಿ. ಅದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಪಾಲೂ ಹೋಯಿತು, ಕೇಸೂ ಬಿತ್ತು.)

ಪಾಲಿನ ಮಾತನ್ನು ಎತ್ತಲೇಬಾರದ ಇನ್ನೊಂದು ಪ್ರಸಂಗವಿದೆ, ಅದರಲ್ಲಿ ಬಹಳ ಜನ ಎಡವುತ್ತಾರೆ. ಹಳೇ ಕಬ್ಬಿಣದ ಬೀರು ಕೊಂಡರು, ಒಳಗಿನ ಕಳ್ಳಖಾನೆಯಲ್ಲಿ ನಾಲ್ಕು ಚಿನ್ನದ ನಾಣ್ಯ ಸಿಕ್ಕಿತು. ಇದು ಲಾಭವಲ್ಲ. ಮಾರಾಟವಾದದ್ದು ಬೀರು, ನಾಣ್ಯ ಇನ್ನೂ ಮಾರಿದವರದ್ದೇ. ಒಡೆಯರು ಯಾರೆಂದು ಗೊತ್ತಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನ ಅಪ್ರಾಮಾಣಿಕ ದುರ್ವಿನಿಯೋಗದ ಹತ್ತಿರ ಹೋದಂತೆ. ಸಿಕ್ಕಿದ್ದೆಲ್ಲ ಹಿಂದಿರುಗಿಸಬೇಕು, ಅರ್ಧವಲ್ಲ. ಅದೇ ರದ್ದಿ ಕಾಗದದ ನಡುವೆ ಬಂದ ಲಕೋಟೆಯ ವಿಷಯ? ಕೆಜಿ ಲೆಕ್ಕದಲ್ಲಿ ಮಾರಿದ್ದು ಕಾಗದ, ಲಕೋಟೆಯೂ ಕಾಗದ, ಹಾಗಾಗಿ ಮಾರಾಟವಾಗಿದೆ ಎಂದೇ ನನ್ನ ಎಣಿಕೆ. ಅದರಲ್ಲಿ ಮನೆಯವರ ಖಾಸಗಿ ಪತ್ರವಿದ್ದರೆ ಪತ್ರವನ್ನು ವಾಪಸು ಕೊಟ್ಟು ಲಕೋಟೆ ಇಟ್ಟುಕೊಳ್ಳುವುದು ಮರ್ಯಾದೆ. ಪತ್ರ, ಲಕೋಟೆ ಜೊತೆಗಿದ್ದರೇ ಬೆಲೆ ಎನ್ನುವ ಸಂಗ್ರಾಹಕರು ಇದನ್ನು ಒಪ್ಪುವುದಿಲ್ಲ, ಗೊತ್ತು.

ಈಗ ಲೆಕ್ಕ. ಪಾಲಿನ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಹರಾಜಿನ ಕೂಗಿನ ಬೆಲೆಯನ್ನೇ ಲಾಭವೆಂದು ತಿಳಿಯುವುದರಿಂದ. ಉದಾಹರಣೆಗೆ ನಲವತ್ತು ನಾಣ್ಯದ ಡಬ್ಬಿಯನ್ನು 60,000 ರೂಪಾಯಿಗೆ ಕೊಂಡರು ಎನ್ನಿ. ಒಂದಕ್ಕೆ 1,500 ಬಿತ್ತು. ಅದರಲ್ಲೊಂದು 1,20,000ಕ್ಕೆ ಹೋಯಿತು. ಹರಾಜು ಮನೆಯ ಕಮಿಷನ್ ಶೇ 12 ಎಂದಿಟ್ಟುಕೊಂಡರೆ 14,400. ಆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ, 2,592. ಫೋಟೊ, ವಿಮೆ, ಕೊರಿಯರ್ 1,500. ಕೊಂಡ ಬೆಲೆ 1,500. ಉಳಿದದ್ದು 1,00,008. ವ್ಯಾಪಾರಿ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಹಳೇ ವಸ್ತುಗಳ ಮಾರ್ಜಿನ್ (ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರ) ಮೇಲಿನ ತೆರಿಗೆಯನ್ನೂ ಇದರಲ್ಲಿ ಕಳೆಯಬೇಕು. ಅರ್ಧ ಪಾಲು ಎಂದರೆ ಇಲ್ಲಿ 50,004 ರೂಪಾಯಿ. ಕೂಗಿನ ಬೆಲೆಯ ಅರ್ಧವೆಂದು ಮನೆಯವರು ಮನಸ್ಸಿನಲ್ಲಿ ಎಣಿಸಿದ 60,000 ಅಲ್ಲ.

ಆದಾಯ ತೆರಿಗೆಯನ್ನು ಪಾಲು ಮಾಡುವ ಮುಂಚೆ ಕಳೆಯಬೇಕೋ ಆಮೇಲೋ ಎಂಬುದು ಕಾಗದ ಪತ್ರ ಇದೆಯೋ ಇಲ್ಲವೋ ಎನ್ನುವುದರ ಮೇಲೆ ನಿಂತಿದೆ. ಕೊಂಡ ದಿನವೇ ‘ಹೆಚ್ಚುವರಿ ಕ್ರಯ’ ಎಂದು ಬರೆದುಕೊಂಡಿದ್ದರೆ ಆ 50,004 ವ್ಯಾಪಾರಿಯ ಖರೀದಿ ವೆಚ್ಚಕ್ಕೆ ಸೇರುತ್ತದೆ, ಅವರು ತಮ್ಮ ಅರ್ಧಕ್ಕಷ್ಟೇ ತೆರಿಗೆ ಕಟ್ಟುತ್ತಾರೆ. ಬರಹವಿಲ್ಲದಿದ್ದರೆ ಪೂರ್ತಿ ಲಾಭ ವ್ಯಾಪಾರಿಯ ಆದಾಯ. ಶೇ 20ರ ಹಂತದಲ್ಲಿ ಸೆಸ್ ಸೇರಿ 20.8, ಅಂದರೆ ಸುಮಾರು 20,802 ರೂಪಾಯಿ ತೆರಿಗೆ ಹೋಗಿ ಉಳಿಯುವುದು 79,206, ಅರ್ಧವೆಂದರೆ 39,603. ಇನ್ನೊಂದು ತೊಡಕು: ಬರಹವಿಲ್ಲದೆ ಕೊಟ್ಟದ್ದನ್ನು ತೆರಿಗೆ ಇಲಾಖೆ ಉಡುಗೊರೆ ಎಂದು ನೋಡಬಹುದು. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ದಾಟಿದ ಉಡುಗೊರೆಗೆ, ದಾಟಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಮೊತ್ತಕ್ಕೆ ಪಡೆದವರು ತೆರಿಗೆ ಕಟ್ಟಬೇಕು. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಒಂದೇ ದಿನ ಒಬ್ಬರಿಗೆ 10,000 ಮೀರಿ ನಗದು ಕೊಟ್ಟರೆ ವ್ಯಾಪಾರಿ ಅದನ್ನು ಖರ್ಚೆಂದು ತೋರಿಸಲು ಬರುವುದಿಲ್ಲ.

‘ಬೇರೆ ಹತ್ತು ಡಬ್ಬಿಯಲ್ಲಿ ಕಳೆದುಕೊಂಡಿದ್ದೇನೆ, ಆ ನಷ್ಟವನ್ನು ಇದರಲ್ಲಿ ಕಳೆಯಬೇಡವೇ?’ ಎಂದು ವ್ಯಾಪಾರಿಗಳು ಕೇಳುತ್ತಾರೆ. ಬೇಡ. ಆ ನಷ್ಟ ತುಂಬಿಕೊಳ್ಳಲೆಂದೇ ಅವರ ಅರ್ಧ ಇರುವುದು. ಹಾಗೆಯೇ ಮನೆಯವರೂ ತಿಳಿಯಬೇಕಾದದ್ದಿದೆ. ಎಂಟು ವರ್ಷ ಇಟ್ಟುಕೊಂಡು ಮಾರಿದ ನಾಣ್ಯದ ಏರಿಕೆಯಲ್ಲಿ ಬೆಳ್ಳಿಯ ಧಾರಣೆ ಏರಿದ್ದು, ಸಂಗ್ರಾಹಕರು ಹೆಚ್ಚಿದ್ದು, ವ್ಯಾಪಾರಿ ಬಂಡವಾಳ ಹಿಡಿದಿಟ್ಟದ್ದು ಎಲ್ಲ ಸೇರಿರುತ್ತದೆ. ಅದರಲ್ಲಿ ಮಾರಿದವರ ಹಕ್ಕು ಏನೂ ಇಲ್ಲ. ಎರಡು ವರ್ಷದ ಒಳಗಿನ ಮಾರಾಟಕ್ಕೆ ಮಾತ್ರ ಪಾಲು ಎಂದಿಟ್ಟುಕೊಳ್ಳುವುದು ಇಬ್ಬರಿಗೂ ನ್ಯಾಯ. ಸಣ್ಣಪುಟ್ಟ ಲಾಭಕ್ಕೆಲ್ಲ ಲೆಕ್ಕ ತೆಗೆಯುತ್ತಾ ಕೂತರೆ ವ್ಯಾಪಾರ ನಡೆಯುವುದಿಲ್ಲ, ಹಾಗಾಗಿ ಬಿಡಿ ವಸ್ತು ಕೊಂಡ ಬೆಲೆಯ ಹತ್ತರಷ್ಟೂ 25,000 ರೂಪಾಯಿಯೂ ಎರಡನ್ನೂ ಮೀರಿದರೆ ಮಾತ್ರ ಎಂಬ ಮಿತಿ ಬೇಕು.

ಲಂಡನ್ ಹರಾಜಿನ ಬೆಲೆಯನ್ನು ಮೊಬೈಲಿನಲ್ಲಿ ತೋರಿಸಿ ಪಾಲು ಕೇಳುವವರಿಗೂ ಒಂದು ಮಾತು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಚಿತ್ರ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಇವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಪ್ರಾಚ್ಯವಸ್ತು ವ್ಯಾಪಾರಕ್ಕೆ ಪರವಾನಗಿ ಬೇಕು. ಟಿಪ್ಪುವಿನ ಆನೆ ಪೈಸೆ, ಕಂಠೀರಾಯ ಹಣ, ವಿಜಯನಗರದ ವರಹ ಇವೆಲ್ಲ ಆ ಸಾಲಿನವೇ. ಹೊರಗಿನ ಬೆಲೆ ಇಲ್ಲಿನ ವಸ್ತುವಿಗೆ ದಕ್ಕುವುದಿಲ್ಲ. 2017ರಲ್ಲಿ ‘ಸರ್ವಿಸ್’ ಮುದ್ರೆಯ (ಸರ್ಕಾರಿ ಬಳಕೆಗೆಂದು ಮೇಲೆ ಅಚ್ಚೊತ್ತಿದ) 10 ರೂಪಾಯಿ ಗಾಂಧಿ ಅಂಚೆಚೀಟಿಯ ನಾಲ್ಕರ ಪಟ್ಟಿ ಇಂಗ್ಲೆಂಡಿನಲ್ಲಿ 5 ಲಕ್ಷ ಪೌಂಡಿಗೆ ಹೋದದ್ದು ನಿಜ. ಆದರೆ 1948ರ ಆಗಸ್ಟ್ 15ರಂದು ಹೊರಟ ಮಾಮೂಲಿ ಗಾಂಧಿ ಸರಣಿಗೂ ಅದಕ್ಕೂ ಸಂಬಂಧ ಹೆಸರಿನಲ್ಲಷ್ಟೇ.

ಮಾರುವವರಿಗಿಂತ ಮುಂಚೆ ಪಾಲು ಸಲ್ಲಬೇಕಾದವರು ಮನೆಯೊಳಗೇ ಇರುತ್ತಾರೆ ಎಂಬುದನ್ನು ಯಾರೂ ಎತ್ತುವುದಿಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರು ಸ್ವಂತ ದುಡ್ಡಿನಲ್ಲಿ ಕೂಡಿಸಿದ ನಾಣ್ಯ, ಅಂಚೆಚೀಟಿಗಳು ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮ. ಊರಿನ ಮನೆಯಲ್ಲಿರುವ ಅಣ್ಣ ಡಬ್ಬಿ ಮಾರಿ, ಮದುವೆಯಾಗಿ ಹೋದ ತಂಗಿಗೆ ಹೇಳದೆ ಇದ್ದರೆ ಆಮೇಲೆ ಬಂದ ಪಾಲನ್ನು ಅವರೊಬ್ಬರೇ ತೆಗೆದುಕೊಳ್ಳುವಂತಿಲ್ಲ. ವ್ಯಾಪಾರಿ ರಸೀದಿಯಲ್ಲಿ ‘ಎಲ್ಲ ವಾರಸುದಾರರ ಒಪ್ಪಿಗೆಯಿಂದ’ ಎಂದು ಬರೆಸಿಕೊಳ್ಳುವುದು ತಮ್ಮ ರಕ್ಷಣೆಗೂ ಒಳ್ಳೆಯದು.

ಸರಪಳಿಯಲ್ಲಿ ತೀರಾ ಮರೆತುಹೋಗುವವರು ತಳ್ಳುಗಾಡಿಯ ಗುಜರಿಯವರು. ಹಿತ್ತಾಳೆಯನ್ನೆಲ್ಲ ಕುಲುಮೆಗೆ ಹಾಕದೆ, ಅಕ್ಷರ ಕೆತ್ತಿದ ಒಂದು ತಂಬಿಗೆಯನ್ನು ಬೇರೆ ಇಟ್ಟು ವ್ಯಾಪಾರಿಗೆ ತೋರಿಸಿದವರು ಅವರು. ಕಾನೂನಿನ ಪ್ರಕಾರ ಅವರು ಕೆಜಿ ಲೆಕ್ಕದಲ್ಲಿ ಕೊಂಡು ಕೆಜಿಗಿಂತ ನಾಲ್ಕು ಕಾಸು ಹೆಚ್ಚಿಗೆ ಮಾರಿದ್ದಾರೆ, ಅಷ್ಟೇ. ಆದರೆ ‘ಇದು ಏನು ಬಾಳುತ್ತೆ ಅಣ್ಣಾ?’ ಎಂದು ಅವರೂ ವ್ಯಾಪಾರಿಯನ್ನೇ ಕೇಳಿರುತ್ತಾರೆ. ಮನೆಯವರ ವಿಷಯದಲ್ಲಿ ಹೇಳಿದ ನಿಯಮ ಇವರಿಗೂ ಸಲ್ಲಬೇಕು. ಮೂಲ ಮನೆ ಯಾವುದೆಂದು ಗೊತ್ತಿದ್ದರೆ ಬಂದ ಪಾಲನ್ನು ಮನೆಯವರಿಗೂ ಇವರಿಗೂ ಸಮನಾಗಿ ಹಂಚಬಹುದು, ಗೊತ್ತಿಲ್ಲದಿದ್ದರೆ ಪೂರ್ತಿ ಇವರಿಗೆ. ಇವರಿಗೆ ಪಾಲು ಸಿಗುತ್ತದೆಂದರೆ ವಸ್ತು ಕುಲುಮೆ ಸೇರುವುದೂ ತಪ್ಪುತ್ತದೆ. ಇದರಲ್ಲಿ ವ್ಯಾಪಾರಿಗೂ ಸ್ವಾರ್ಥವಿದೆ, ಇರಲಿ.

ಮರುಮಾರಾಟದಲ್ಲಿ ಪಾಲು ಎಂಬುದು ಹುಚ್ಚು ಯೋಚನೆ ಎನ್ನುವವರಿಗೆ: ನಮ್ಮ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮು ಚಿತ್ರ, ಶಿಲ್ಪ, ರೇಖಾಚಿತ್ರಗಳ ಮೂಲಪ್ರತಿ ಮತ್ತು ಸಾಹಿತ್ಯದ ಮೂಲ ಹಸ್ತಪ್ರತಿ 10,000 ರೂಪಾಯಿ ಮೀರಿ ಮರುಮಾರಾಟವಾದರೆ ಕರ್ತೃವಿಗೆ ಅಥವಾ ಅವರ ವಾರಸುದಾರರಿಗೆ ಪಾಲು ಕೇಳುವ ಹಕ್ಕು ಕೊಟ್ಟಿದೆ, ಪಾಲು ಶೇ 10 ಮೀರುವಂತಿಲ್ಲ. ಫ್ರಾನ್ಸಿನಲ್ಲಿ ಇಂಥ ಹಕ್ಕು 1920ರಿಂದ ಇದೆ. ನಮ್ಮಲ್ಲಿ ಅದು ಹೆಚ್ಚಾಗಿ ಪುಸ್ತಕದಲ್ಲೇ ಉಳಿದಿದೆ. ಕವಿಯೊಬ್ಬರ ಕೈಬರಹದ ಪುಟಗಳು ರದ್ದಿಯಲ್ಲಿ ಸಿಕ್ಕು ಮಾರಾಟವಾದಾಗ ವ್ಯಾಪಾರಿಗಳು ಇದನ್ನಾದರೂ ನೆನೆಯಬೇಕು.

ಮಾರುವವರು ತಾವು ಮಾಡಬೇಕಾದ್ದನ್ನು ಮಾಡದೆ ಪಾಲು ಕೇಳಿದರೆ ಕೇಳಿಸಿಕೊಳ್ಳುವವರಿಲ್ಲ. ನಾಣ್ಯವನ್ನು ಹುಣಸೆಹಣ್ಣು, ಬೂದಿ, ಪೀತಾಂಬರಿ ಹಾಕಿ ಉಜ್ಜಬೇಡಿ. ಕಪ್ಪು ಹೋಗುವುದರ ಜೊತೆಗೆ ಮೇಲ್ಮೈಯ ಮೊದಲ ಹೊಳಪೂ ಹೋಗಿ ಸಾವಿರ ಗೀರು ಬೀಳುತ್ತವೆ, ಅಪರೂಪದ ನಾಣ್ಯವೂ ಬೆಳ್ಳಿ ರೇಟಿಗೆ ಇಳಿಯುತ್ತದೆ. ಲಕೋಟೆಯಿಂದ ಅಂಚೆಚೀಟಿ ಕೀಳಬೇಡಿ. ಮುದ್ರೆ ಸಮೇತ ಲಕೋಟೆಗೇ ಹೆಚ್ಚು ಬೆಲೆ ಇರಬಹುದು. ಬಳಸದ ಅಂಚೆಚೀಟಿಯನ್ನು ನೀರಿಗೆ ಹಾಕಿದರೆ ಹಿಂದಿನ ಅಂಟು ಕರಗಿ ಬೆಲೆಯೂ ಕರಗುತ್ತದೆ. ಪ್ರತಿ ನಾಣ್ಯದ ಎರಡೂ ಬದಿಯ ಫೋಟೊ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿಯಲ್ಲಿ ತೂಕ ಬರೆದುಕೊಳ್ಳಿ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರಿಂದಾದರೂ ಬೆಲೆ ಕೇಳಿ. ‘ಇಡೀ ಡಬ್ಬಿ ಇಷ್ಟಕ್ಕೆ’ ಎಂದು ಮಾರಿ, ಒಳಗೇನಿತ್ತು ಎಂಬ ಪಟ್ಟಿಯೇ ಇಲ್ಲದಿದ್ದರೆ ನಾಳೆ ಹರಾಜಿಗೆ ಬಂದ ನಾಣ್ಯ ನಿಮ್ಮದೇ ಎಂದು ತೋರಿಸುವುದು ಹೇಗೆ? 786 ಇರುವ ನೋಟಿಗೆ, ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ ಎನ್ನುವವರು ಶುದ್ಧ ವಂಚಕರು. ರಿಸರ್ವ್ ಬ್ಯಾಂಕ್ ತನ್ನ ಹೆಸರಿನಲ್ಲಿ ನಡೆಯುವ ಇಂಥ ವ್ಯವಹಾರದ ಬಗ್ಗೆ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ.

ರಸೀದಿಯಲ್ಲಿ ಇರಬೇಕಾದ್ದು ನಾಲ್ಕೇ ಸಾಲು. ಈ ಕೆಳಗಿನಂತೆ ಬರೆದರೆ ಸಾಕು:

‘ಮೇಲಿನ ಪಟ್ಟಿಯ ವಸ್ತುಗಳನ್ನು ........ ರೂಪಾಯಿಗೆ ಕೊಂಡಿದ್ದೇನೆ. ಬೆಲೆ ಸೂಚಿಸಿದವರು: ಮಾರಿದವರು / ಕೊಂಡವರು. ಇವುಗಳಲ್ಲಿ ಯಾವುದೇ ಬಿಡಿ ವಸ್ತು ಎರಡು ವರ್ಷದೊಳಗೆ ತನ್ನ ಪಾಲಿನ ಕೊಂಡ ಬೆಲೆಯ ಹತ್ತರಷ್ಟನ್ನೂ 25,000 ರೂಪಾಯಿಯನ್ನೂ ಮೀರಿ ಮಾರಾಟವಾದರೆ, ಕಮಿಷನ್, ಅದರ ಜಿಎಸ್‌ಟಿ, ಸಾಗಣೆ, ವಿಮೆ ಮತ್ತು ಕೊಂಡ ಬೆಲೆ ಕಳೆದು ಉಳಿದದ್ದರ ........ ಭಾಗವನ್ನು ಹೆಚ್ಚುವರಿ ಕ್ರಯವಾಗಿ, ಹಣ ಕೈಸೇರಿದ 30 ದಿನದಲ್ಲಿ ಬ್ಯಾಂಕ್ ಮೂಲಕ ಕೊಡುತ್ತೇನೆ. ಸಂಬಂಧಿಕರಿಗೆ ಅಥವಾ ಪಾಲುದಾರರಿಗೆ ಮಾಡಿದ ಮಾರಾಟವನ್ನು ಲೆಕ್ಕಕ್ಕೆ ಹಿಡಿಯದೆ, ಹೊರಗಿನವರಿಗೆ ಆದ ಮೊದಲ ಮಾರಾಟವನ್ನು ಹಿಡಿಯತಕ್ಕದ್ದು.’

ಕೊನೆಯ ವಾಕ್ಯವನ್ನು ಬರೆಯದೆ ಹೋದರೆ ಉಳಿದದ್ದೆಲ್ಲ ದಂಡ. ತಮ್ಮನ ಹೆಸರಿಗೆ ಎರಡು ಸಾವಿರಕ್ಕೆ ಬಿಲ್ ಹಾಕಿ, ತಮ್ಮನಿಂದ ಹರಾಜಿಗೆ ಕಳಿಸುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ. ಬೆಲೆ ಸೂಚಿಸಿದವರ ಸಾಲಿನಲ್ಲಿ ‘ಕೊಂಡವರು’ ಎಂದಿದ್ದರೆ ಖಾಲಿ ಜಾಗದಲ್ಲಿ ಅರ್ಧ. ‘ಮಾರಿದವರು’ ಎಂದಿದ್ದರೆ ಸೊನ್ನೆ, ಅಥವಾ ಇಬ್ಬರೂ ಒಪ್ಪಿದರೆ ಕಾಲು. ಸೊನ್ನೆ ಎಂದು ಬರೆದುಕೊಂಡರೂ ಪರವಾಗಿಲ್ಲ, ಆಮೇಲೆ ಟೋಪಿಯ ಮಾತು ಬರುವುದಿಲ್ಲ.

ಬೆಂಗಳೂರು, ಮೈಸೂರು ಮುಂತಾದ ಕಡೆ ನಾಣ್ಯ ಮತ್ತು ಅಂಚೆಚೀಟಿ ಮೇಳ ನಡೆಸುವ ಸಂಘಗಳು ಮಳಿಗೆ ಕೊಡುವಾಗ ಬಾಡಿಗೆಯ ಜೊತೆ ಇನ್ನೊಂದು ಷರತ್ತು ಹಾಕಲಿ: ಜನರಿಂದ ಕೊಳ್ಳುವ ವ್ಯಾಪಾರಿಗಳು ಈ ಬರಹವಿರುವ ಎರಡು ಪ್ರತಿಯ ರಸೀದಿ ಪುಸ್ತಕ ಇಟ್ಟುಕೊಳ್ಳಬೇಕು, ಒಂದು ಪ್ರತಿ ಮಾರಿದವರ ಕೈಗೆ ಹೋಗಬೇಕು. ನೂರು ಹಾಳೆಯ ಅಂಥ ಪುಸ್ತಕ ಅಚ್ಚು ಹಾಕಿಸಲು ದೊಡ್ಡ ಖರ್ಚೇನೂ ಬರುವುದಿಲ್ಲ. ಮುಂದಿನ ಮೇಳದಿಂದಲೇ ಇದನ್ನು ಜಾರಿಗೆ ತರಬೇಕೆಂದು ತಮ್ಮ ಪತ್ರಿಕೆಯ ಮೂಲಕ ಸಂಘಗಳ ಪದಾಧಿಕಾರಿಗಳನ್ನು ಕೋರುತ್ತೇನೆ.

ಇಂತಿ,
ಹವ್ಯಾಸಿ ನಾಣ್ಯ ಸಂಗ್ರಾಹಕ, ಮೈಸೂರು